ಉದಾಸೀನ

ಲ್ಯಾನ್ಸಿಯ ಕೆನ್ನೆಗೆ ಅವತ್ತೇ ಎರಡು ಬಾರಿಸಬೇಕಿತ್ತು. ಬಾರಿಸಲಿಲ್ಲ. ಕೈಕಟ್ಟಿ ನಿಂತಿದ್ದೆ. ಆ ಸಿಟ್ಟಿಗೆ ಈಗ ಬರೆಯುತ್ತಿದ್ದೇನೆ.

ನಾನು ಜಯ. ಮಂಗಳೂರಿನ ಕುದ್ರೋಳಿಯಾಚೆ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವವನು. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದೇನೆ. ನಮ್ಮ ಕಾಲೊನಿಯಲ್ಲಿ ಅಷ್ಟು ಓದಿದವನು ನಾನೊಬ್ಬನೇ. ಹಾಗಾಗಿ ಎಲ್ಲರ ಅರ್ಜಿ ನಾನೇ ಬರೆಯುವುದು. ನಮ್ಮದು ತುಳು. ಇದರಲ್ಲಿ ಬರುವವರು ಮಾತಾಡಿದ್ದೂ ಹೆಚ್ಚಾಗಿ ತುಳುವಿನಲ್ಲೇ. ಆದರೆ ತುಳುವಿನಲ್ಲಿ ಬರೆದ ಅರ್ಜಿಯನ್ನು ಯಾವ ಆಫೀಸಿನಲ್ಲೂ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಕನ್ನಡ.

ನನ್ನ ಅಕ್ಕ ಕುಶಲಾ. ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಗುಡಿಸುವವಳು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೇಳಿದರೆ ನಮ್ಮವರೇ ಆದ ಇನ್ನೊಬ್ಬರ ಕೆಲಸ ಹೋಗುತ್ತದೆ.

ಬೆಳಿಗ್ಗೆ ಆರಕ್ಕೆ ಹಾಜರಿ. ಮೊದಲು ಹೆಂಗಸರ ವಾರ್ಡಿನ ಬೆಡ್‌ಪ್ಯಾನುಗಳು. ಕೈಗೊಂದರಂತೆ ಎತ್ತಿಕೊಂಡು ಹೋಗಿ ಸುರಿಯಬೇಕು, ತೊಳೆಯಬೇಕು, ತಂದಿಡಬೇಕು. ಆಮೇಲೆ ಹೆರಿಗೆ ಕೋಣೆಯ ರಕ್ತದ ಬಟ್ಟೆ. ಆಮೇಲೆ ಕಕ್ಕಸು. ಆಮೇಲೆ ಉದ್ದದ ಜಗಲಿ, ಮೆಟ್ಟಿಲು, ಬೆಂಚು. ಹನ್ನೊಂದು ವರ್ಷ ಹೀಗೆ. ಅವಳ ಬೆರಳ ಸಂದುಗಳು ಫಿನಾಯಿಲಿಗೆ ಬೆಂದು ಬಿಳಿಚಿ ಒಡೆದಿದ್ದವು. ಉಪ್ಪು ತಾಗಿದರೆ ಉರಿಯುತ್ತದೆಂದು ಗಂಜಿಯನ್ನು ಸಪ್ಪೆಯಾಗಿಯೇ ಉಣ್ಣುತ್ತಿದ್ದಳು. ಕ್ಯಾಂಟೀನಿನಲ್ಲಿ ಗುಡಿಸುವವರ ಚಾಹಕ್ಕೆ ಹಿಡಿ ಮುರಿದ ಲೋಟಗಳು ಬೇರೆ ಇದ್ದವು. ರೋಗಿಗಳು ಕೂರುವ ಬೆಂಚನ್ನು ಒರೆಸುವುದು ಅವಳ ಕೆಲಸ, ಕೂರುವುದಲ್ಲ. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ.

ಎಪ್ಪತ್ತೊಂಬತ್ತರ ಮಳೆಗಾಲದ ಆಟಿ ತಿಂಗಳಿನಲ್ಲಿ ಅಕ್ಕನಿಗೆ ಶುರುವಾಯಿತು.

ಯಾರೂ ಸತ್ತಿರಲಿಲ್ಲ. ಮನೆಯಲ್ಲಿ ಜಗಳವಿರಲಿಲ್ಲ. ಭಾವ ಚನಿಯ ಪಣಂಬೂರಿನಲ್ಲಿ ಗೊಬ್ಬರದ ಮೂಟೆ ಹೊರುವವನು, ಕುಡಿದು ಬಂದು ಹೊಡೆಯುವ ಪೈಕಿಯಲ್ಲ. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಎಂತ ಆಯ್ತು ಎಂದು. ಏನೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಅವಳಿಗೆ ಚಾಪೆಯಿಂದ ಏಳಲು ಆಗಲಿಲ್ಲ, ಅಷ್ಟೆ. ಮರುದಿನ ಎದ್ದು ಹೋದಳು. ಅದರ ಮರುದಿನ ಅರ್ಧ ದಾರಿಯಿಂದ ವಾಪಸು ಬಂದಳು. ಊಟ ಬಿಟ್ಟಳು. ಎರಡು ಗಂಟೆಗೆ ಎಚ್ಚರಾದರೆ ಮತ್ತೆ ನಿದ್ದೆಯಿಲ್ಲ. ತಲೆ ಬಾಚುವುದನ್ನೂ ಬಿಟ್ಟಳು. ಭಾವ ಕೆಲಸಕ್ಕೆ ಹೊರಡುವ ಮೊದಲು ಅವಳನ್ನು ಬಾಗಿಲಲ್ಲಿ ಕೂರಿಸಿ ತಾನೇ ಸಿಕ್ಕು ಬಿಡಿಸುತ್ತಿದ್ದ. ಗಂಡಸು ಹೆಂಡತಿಯ ತಲೆ ಬಾಚುವುದನ್ನು ನೋಡಿ ಕಾಲೊನಿ ನಕ್ಕಿತು. ಅವನು ಬಾಚುವುದನ್ನು ನಿಲ್ಲಿಸಲಿಲ್ಲ. ಆ ಒಂದಕ್ಕೆ ನಾನು ಅವನಿಗೆ ಇವತ್ತಿಗೂ ಕೈಮುಗಿಯುತ್ತೇನೆ.

"ಎಂತ ಆಗ್ತದೆ ಅಕ್ಕ, ಸರಿ ಹೇಳು," ಎಂದು ಕೇಳಿದೆ.

"ಉದಾಸಿನ ಆಪುಂಡು, ಜಯಾ," ಎಂದಳು. ಉದಾಸೀನ ಆಗುತ್ತದಂತೆ.

ನಮ್ಮೂರಿನಲ್ಲಿ ಉದಾಸೀನ ಎಂದರೆ ಎಲ್ಲರಿಗೂ ಗೊತ್ತಿರುವ ಮಾತು. ಶಾಲೆಗೆ ಹೋಗಲು ಮನಸ್ಸಿಲ್ಲದ ಮಗುವಿಗೆ ಉದಾಸೀನ. ಮಧ್ಯಾಹ್ನ ಗಡದ್ದಾಗಿ ಉಂಡು ಕಾಲು ಚಾಚುವ ಧಣಿಗೆ ಉದಾಸೀನ. ಸೋಮಾರಿತನಕ್ಕೆ ಇಟ್ಟ ಮೆತ್ತಗಿನ ಹೆಸರು ಅದು. ಎದೆಯ ಮೇಲೆ ಯಾರೋ ಒದ್ದೆ ಮಣ್ಣು ಸುರಿದ ಹಾಗೆ ಆಗುವುದಕ್ಕೆ ಬೇರೆ ಹೆಸರು ನಮ್ಮಲ್ಲಿ ಇಲ್ಲ. ನಮ್ಮಂಥವರಿಗೆ ಜ್ವರ ಬರಬಹುದು, ಗಾಯ ಆಗಬಹುದು, ಭೂತದ ಉಪದ್ರ ಆಗಬಹುದು. ಇದು ಬರಬಹುದೆಂದು ಯಾರೂ ಒಂದು ಶಬ್ದ ಮಾಡಿಡಲಿಲ್ಲ. ಅಕ್ಕ ತನ್ನ ಕೈಗೆ ಸಿಕ್ಕ ಶಬ್ದವನ್ನು ಹಿಡಿದುಕೊಂಡಳು.

ಅವಳನ್ನು ಡಾಕ್ಟರ ಹತ್ತಿರ ಕಳಿಸಿದವರು ಎಸ್ತೆರ್ ಸಿಸ್ಟರ್. ಹೆಂಗಸರ ವಾರ್ಡಿನ ನರ್ಸು. ಒಂದು ದಿನ ಅಕ್ಕ ನಲ್ಲಿ ಬಿಟ್ಟು ಬಾಲ್ದಿಯ ಮುಂದೆ ನಿಂತಳಂತೆ. ಬಾಲ್ದಿ ತುಂಬಿ, ನೀರು ಹರಿದು ವಾರ್ಡಿನೊಳಗೆ ಬಂದರೂ ನಿಂತೇ ಇದ್ದಳಂತೆ. ಬೇರೆಯವರಾಗಿದ್ದರೆ ಬೈಯುತ್ತಿದ್ದರು. ಸಿಸ್ಟರ್ ನಲ್ಲಿ ನಿಲ್ಲಿಸಿ, ಅವಳ ಕೈ ಹಿಡಿದು, ತಾವೇ ಹೋಗಿ ಹದಿನಾಲ್ಕನೇ ಕೋಣೆಯ ಮನೋರೋಗದ ಡಾಕ್ಟರಿಗೆ ಚೀಟಿ ಮಾಡಿಸಿದರು.

ಮೊದಲ ಮಂಗಳವಾರ ನಾನೂ ಹೋದೆ. ಡಾಕ್ಟರು ಉತ್ತರದ ಕಡೆಯವರು. ಕನ್ನಡವೂ ಬಾರದು, ತುಳುವೂ ಬಾರದು. ಅವರಿಗೂ ರೋಗಿಗಳಿಗೂ ನಡುವೆ ಮಾತು ದಾಟಿಸುವವನು ಬಾಗಿಲಲ್ಲಿ ನಿಂತು ಹೆಸರು ಕರೆಯುವ ಅಟೆಂಡರ್ ಲ್ಯಾನ್ಸಿ.

"ಎಂತ ಆಗ್ತದೆ, ಹೇಳು," ಎಂದ ಲ್ಯಾನ್ಸಿ.

"ಉದಾಸಿನ ಆಪುಂಡು," ಎಂದಳು ಅಕ್ಕ.

"ಲೇಝಿ ಸಾರ್," ಎಂದ ಲ್ಯಾನ್ಸಿ. "ಫೀಲಿಂಗ್ ಲೇಝಿ."

ಡಾಕ್ಟರು ಅದನ್ನೇ ಅವಳ ಕಾರ್ಡಿನಲ್ಲಿ ಬರೆದರು. ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಅಲ್ಲ ಸಾರ್, ಸೋಮಾರಿತನ ಅಲ್ಲ, ನನ್ನ ಅಕ್ಕ ಹನ್ನೊಂದು ವರ್ಷದಲ್ಲಿ ಹಬ್ಬಕ್ಕೂ ರಜೆ ಮಾಡಿದವಳಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಅಂಗಿಯಲ್ಲಿ ಕೆಂಪು ಮಣ್ಣಿತ್ತು. ಅವರ ಮೇಜಿನ ಮೇಲೆ ಗಾಜಿತ್ತು. ಬಾಯಿ ತೆಗೆಯದಿರಲು ನಮ್ಮಂಥವರಿಗೆ ಅಷ್ಟು ಸಾಕಾಗುತ್ತದೆ. ಲ್ಯಾನ್ಸಿಯನ್ನು ಬೈದು ಪ್ರಯೋಜನವಿಲ್ಲ ಎಂದು ನನಗೂ ಗೊತ್ತು. ಅವನು ಸುಳ್ಳು ಹೇಳಲಿಲ್ಲ. ಮಂಗಳೂರಿನಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಿದ್ದರು. ಆದರೂ ಸಿಟ್ಟು ಸಿಟ್ಟೇ.

ಡಾಕ್ಟರು ಕೆಟ್ಟವರಲ್ಲ. ನಿದ್ದೆ ಕೇಳಿದರು, ಊಟ ಕೇಳಿದರು, ಸಾಯಬೇಕೆಂದು ಅನಿಸುತ್ತದಾ ಎಂದೂ ಕೇಳಿಸಿದರು. ಅಕ್ಕ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಅವರಿಗೆ ಅರ್ಥವಾಯಿತು. ಕಾರ್ಡಿನಲ್ಲಿ ಕೆಳಗೆ ಇನ್ನೊಂದು ಉದ್ದದ ಶಬ್ದ ಬರೆದರು. ಅದು ಡಿಪ್ರೆಶನ್ ಎಂದು ಆಮೇಲೆ ಎಸ್ತೆರ್ ಸಿಸ್ಟರ್ ಓದಿ ಹೇಳಿದರು. ಮನಸ್ಸು ಕುಸಿದು ಬೀಳುವ ಕಾಯಿಲೆ, ಮದ್ದು ಉಂಟು ಎಂದರು. ಮದ್ದು ಉಂಟು ಎಂಬ ಮಾತು ಕೇಳಿ ಭಾವ ಅವತ್ತು ಎರಡು ಸಲ ಊಟ ಮಾಡಿದ.

"ಮೂರು ವಾರ ಹೋದ ಮೇಲೆ ಗೊತ್ತಾಗ್ತದಂತೆ," ಎಂದು ಲ್ಯಾನ್ಸಿ ಡಾಕ್ಟರ ಮಾತು ದಾಟಿಸಿದ್ದ. "ನಡುವಲ್ಲಿ ಬಿಡ್ಲಿಕ್ಕಿಲ್ಲ. ವಾರ ಬಿಟ್ಟು ವಾರ ಮಂಗಳವಾರ ಹತ್ತು ಗಂಟೆಗೆ ಬಂದು ಮಾತ್ರೆ ತಕೊಂಡು ಹೋಗ್ಬೇಕು. ಮೂರು ಸಲ ತಪ್ಪಿದ್ರೆ ಹೆಸರು ತೆಗೀತಾರೆ. ಆಮೇಲೆ ನನ್ನತ್ರ ಬಂದು ಹೇಳಿ ಗುಣ ಇಲ್ಲ."

ಎರಡು ಸಲ ಎಸ್ತೆರ್ ಸಿಸ್ಟರ್ ಅವಳ ಕೆಲಸವನ್ನು ಹಿಂದೆಮುಂದೆ ಮಾಡಿ ಕಳಿಸಿದರು. ಐದನೇ ವಾರ ಒಂದು ಸಂಜೆ ಅಕ್ಕ ಮೀನಿನ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಬೂತಾಯಿ ಸಿಗ್ಲಿಲ್ವಾ ಇವತ್ತು?" ಎಂದು ಕೇಳಿದಳು. ಮೂರು ತಿಂಗಳಲ್ಲಿ ಅವಳಾಗಿ ಕೇಳಿದ ಮೊದಲ ಮಾತು ಅದು. ಬೂತಾಯಿ ಮೀನಿಗೆಂದು ಭಾವ ಚೀಲ ಹಿಡಿದು ಬಂದರಿಗೆ ಓಡಿದ. ಅವಳು ಉಪ್ಪು ಹಾಕಿಕೊಂಡು ಉಂಡಳು. ಕೈ ಉರಿಯಿತು, ಬೆರಳಿಗೆ ಗಾಳಿ ಊದಿಕೊಳ್ಳುತ್ತ ನಕ್ಕಳು.

ಅಷ್ಟು ದಿನವೇ ನಮಗೆ ಸಿಕ್ಕಿದ್ದು. ಎಸ್ತೆರ್ ಸಿಸ್ಟರ್ ಮಸ್ಕತ್ತಿಗೆ ಹೋದರು. ಗುಡಿಸುವವರ ಮೇಸ್ತ್ರಿ ಸರ್ವೋತ್ತಮನ ಕೈಗೆ ಅಕ್ಕ ಪೂರ್ತಿಯಾಗಿ ಸಿಕ್ಕಿದಳು.

ಸರ್ವೋತ್ತಮ ಮೇಸ್ತ್ರಿ ಊರಿನ ಗುತ್ತಿನ ಮನೆಯವನು, ಹಳೆಯ ಧಣಿಗಳ ಪೈಕಿ. ಭೂಮಿ ಹೋಗಿತ್ತು, ಆ ಗತ್ತು ಹೋಗಿರಲಿಲ್ಲ. ಹಿಂದೆ ಗದ್ದೆಯ ಅಂಚಿನ ಹುಣಿಯಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದ ಹಾಗೆಯೇ ಆಸ್ಪತ್ರೆಯ ಜಗಲಿಯಲ್ಲಿ ನಿಲ್ಲುತ್ತಿದ್ದ. ಮುಂದಿನ ಮಂಗಳವಾರ ಯಾರೋ ದೊಡ್ಡವರು ಬರುವುದಿತ್ತು. ಇಡೀ ಆಸ್ಪತ್ರೆ ತೊಳೆಯಬೇಕೆಂದು ಆರ್ಡರ್. ಅಕ್ಕನಿಗೆ ಬಂದದ್ದು ಹದಿನಾಲ್ಕನೇ ಕೋಣೆಯ ಎದುರಿನ ಜಗಲಿ.

ಅವಳು ಮೊಣಕಾಲೂರಿ ಉಜ್ಜುತ್ತಿದ್ದಳು. ಲ್ಯಾನ್ಸಿ ಬಾಗಿಲಿಗೆ ಬಂದು "ಕುಶಲಾ" ಎಂದು ಕರೆದ. ಅವನ ಚಪ್ಪಲಿ ಅವಳ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಅವಳು ತಲೆಯೆತ್ತಿ ಮೇಸ್ತ್ರಿಯನ್ನು ನೋಡಿದಳು. ಡಾಕ್ಟರ ಹತ್ತಿರ ಹೋಗಿ ಬರಲೇ ಎಂದು ಹಿಂದಿನ ದಿನವೇ ಅವನನ್ನು ಕೇಳಿದ್ದಳು. "ಮುಗಿಸಿ ಹೋಗು," ಎಂದಿದ್ದ. ಲ್ಯಾನ್ಸಿ ಮತ್ತೆರಡು ಸಲ ಕರೆದ, ದೂರಕ್ಕೆ ನೋಡಿಕೊಂಡು, ಅವಳ ತಲೆಯ ಮೇಲಿಂದ. ಕುಶಲಾ ಎಂದರೆ ಅವನಿಗೆ ಕಾರ್ಡಿನ ಮೇಲಿನ ಹೆಸರು. ಕೆಳಗೆ ಕೂತು ಉಜ್ಜುವವಳ ಹೆಸರು ಅವನಿಗೆ 'ಏ' ಎಂದು ಮಾತ್ರ ಗೊತ್ತು. ಪುಸ್ತಕದಲ್ಲಿ ಬಂದಿಲ್ಲ ಎಂದು ಬರೆದ. ಕೆಲಸ ಮುಗಿದಾಗ ಒಂದು ಗಂಟೆ, ಡಾಕ್ಟರು ಹೋಗಿಯಾಗಿತ್ತು.

"ನಾನು ಇಲ್ಲೇ ಇದ್ದೇನೆ ಅಂತ ಹೇಳ್ಬೇಕಿತ್ತಲ್ಲ, ಅಕ್ಕ," ಎಂದು ನಾನು ಕಿರುಚಿದೆ.

"ಬಾಯಿ ಬರ್ಲಿಲ್ಲ," ಎಂದಳು. ನಾನು ಕಿರುಚಿದ್ದೇ ತಪ್ಪು. ನನಗೂ ಗಾಜಿನ ಮೇಜಿನ ಮುಂದೆ ಬಾಯಿ ಬಂದಿರಲಿಲ್ಲ.

ಮಾತ್ರೆ ಮುಗಿಯಿತು. ಮತ್ತೆ ಅದೇ ಚಾಪೆ, ಅದೇ ಗೋಡೆ. ಎರಡನೇ ಮಂಗಳವಾರ ಭಾವ ರಜೆ ಹಾಕಿ ಕೂತಿದ್ದ. ಇಬ್ಬರೂ ಸೇರಿ ಎಬ್ಬಿಸಲು ನೋಡಿದೆವು. ಕೈ ಹಿಡಿದರೆ ಕೈ ಬಂತು, ಅವಳು ಬರಲಿಲ್ಲ. "ನಾಳೆ," ಎಂದಳು. "ನಾಳೆ ಡಾಕ್ಟರಿಲ್ಲ," ಎಂದ ಭಾವ. "ನಾಳೆ," ಎಂದೇ ಹೇಳಿದಳು. ಬೆಳಗಿನ ಹೊತ್ತಿಗೇ ಅವಳಿಗೆ ಆ ಭಾರ ಹೆಚ್ಚು. ಸಂಜೆಗೆ ಸ್ವಲ್ಪ ಇಳಿಯುತ್ತಿತ್ತು, ಎದ್ದು ಮುಖ ತೊಳೆಯುತ್ತಿದ್ದಳು. ಡಾಕ್ಟರಿರುವುದು ಬೆಳಿಗ್ಗೆ ಹತ್ತರಿಂದ ಹನ್ನೆರಡು. ಏಳಲಾಗದ ರೋಗದ ಮದ್ದನ್ನು ಬೆಳಿಗ್ಗೆ ಎದ್ದು ಬಂದವರಿಗೆ ಮಾತ್ರ ಕೊಡುತ್ತಾರೆ. ಈ ಬುದ್ಧಿ ಯಾರ ತಲೆಯಲ್ಲಿ ಹುಟ್ಟಿತೋ, ಆ ಪುಣ್ಯಾತ್ಮನನ್ನು ನನಗೊಮ್ಮೆ ನೋಡಬೇಕು.

ಮೂರನೇ ಮಂಗಳವಾರ ಎದ್ದಳು. ಹೇಗೆ ಎದ್ದಳೋ ಅವಳಿಗೇ ಗೊತ್ತು. ಮಿಂದಳು. ಮದುವೆಗೆ ತೆಗೆದ ಹಸಿರು ಸೀರೆ ಉಟ್ಟಳು. ಭಾವ ತಲೆ ಬಾಚಿ ಅಬ್ಬಲಿಗೆ ಮುಡಿಸಿದ. ನಾನು ಜೊತೆಗೆ ಹೋದೆ. ಒಂಬತ್ತೂವರೆಗೆ ಹದಿನಾಲ್ಕನೇ ಕೋಣೆಯ ಎದುರು ನಿಂತಿದ್ದೆವು. ಅವಳ ಮುಂದೆ ಇದ್ದವರು ಇಬ್ಬರೇ.

ಆಗ ಜಗಲಿಯ ಆ ತುದಿಯಲ್ಲಿ ಒಬ್ಬ ಮುದುಕ ವಾಂತಿ ಮಾಡಿಕೊಂಡ. ಮೇಸ್ತ್ರಿ ಸುತ್ತ ನೋಡಿದ. ಗುಡಿಸುವವರು ಯಾರೂ ಕಾಣಲಿಲ್ಲ. ಅಕ್ಕ ಕಂಡಳು. ಹಸಿರು ಸೀರೆಯಲ್ಲೂ ಕಂಡಳು.

"ಏ ಕುಶಲಾ, ಬಾಲ್ದಿ ತಾ."

ನಾನು "ಅವಳಿಗೆ ಇವತ್ತು ರಜೆ" ಎಂದು ಹೇಳಿ ಮುಗಿಸುವ ಮೊದಲೇ ಅಕ್ಕ ಹೊರಟಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಲ್ದಿ ತಂದಳು. ಬಗ್ಗಿ ಬಳಿದಳು, ಒರೆಸಿದಳು, ಫಿನಾಯಿಲ್ ಹಾಕಿದಳು, ಮುದುಕನ ಕಾಲನ್ನೂ ತೊಳೆದಳು. ನಾನು ನೋಡುತ್ತ ನಿಂತೆ. ನನ್ನ ಅಕ್ಕನ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಆ ಒಂದು ಸಲ. ಅದನ್ನು ಬರೆಯದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಲ್ಯಾನ್ಸಿ ಮೂರು ಸಲ ಕರೆದ. "ಬರ್ತಾಳೆ, ಬರ್ತಾಳೆ," ಎಂದೆ. "ಬರುವವರು ಬಂದಾಗ ಕರೀಲಿಕ್ಕೆ ಇದೆಂತ ಬಸ್ ಸ್ಟ್ಯಾಂಡಾ?" ಎಂದು ಮುಂದಿನವರನ್ನು ಕರೆದ. ಅವಳು ಸೀರೆಯ ನೆರಿಗೆ ಒದ್ದೆ ಮಾಡಿಕೊಂಡು ವಾಪಸು ಬಂದಾಗ ಕಾರ್ಡಿನ ಮೇಲೆ ಕೆಂಪು ಶಾಯಿಯ ಗೆರೆ ಬಿದ್ದಿತ್ತು.

"ಎಂತಕ್ಕೆ ಹೋದೆ?" ಎಂದು ಕೇಳಿದೆ.

"ಗೊತ್ತಿಲ್ಲ ಜಯಾ," ಎಂದಳು. "ಕೈ ಎದ್ದು ಹೋಯ್ತು. ನಾನು ಹೋದದ್ದಲ್ಲ."

ಹೆಸರು ಮತ್ತೆ ಸೇರಿಸಬೇಕಾದರೆ ಹೊಸ ಚೀಟಿ ಬೇಕು. ಹೊರಗಿನವರಾದರೆ ಸಾಲಿನಲ್ಲಿ ನಿಂತು ಮಾಡಿಸಬಹುದು. ಆಸ್ಪತ್ರೆಯ ಕೆಲಸದವರಾದರೆ ಮೇಸ್ತ್ರಿಯ ಸಹಿ ಬೇಕು. ನಾನು ಕಾರ್ಡು ಹಿಡಿದು ಸರ್ವೋತ್ತಮ ಮೇಸ್ತ್ರಿಯ ಮುಂದೆ ನಿಂತೆ. ಅವನು ಕಾರ್ಡನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದ. ನಗು ಬಂತು ಅವನಿಗೆ.

"ನಿಂಗೆ ಇಂಗ್ಲಿಷ್ ಓದ್ಲಿಕ್ಕೆ ಬರ್ತದಾ ಮಾರಾಯ? ಡಾಕ್ಟ್ರೇ ಬರ್ದದ್ದುಂಟು ನೋಡು. ಲೇಝಿ. ನಾನು ಹೇಳಿದ್ರೆ ಮೇಸ್ತ್ರಿ ಜೋರು ಅಂತೀರಿ."

"ಅದು ತಪ್ಪಿ ಬರ್ದದ್ದು ಮೇಸ್ತ್ರಿಯವರೇ. ಅದರ ಕೆಳಗೆ ಉಂಟಲ್ಲ, ಅದು ರೋಗದ ಹೆಸರು. ಅದನ್ನು ಓದಿ."

ಅವನು ಓದಲಿಲ್ಲ. ಅಷ್ಟು ಉದ್ದದ ಶಬ್ದ ಅವನಿಗೂ ಬರುತ್ತಿರಲಿಲ್ಲ. "ನಿಮ್ಮವರಿಗೆ ಉದಾಸೀನ ಯಾವಾಗ ರೋಗ ಆಯ್ತು?" ಎಂದ. "ನಮ್ಮ ಗದ್ದೆಯಲ್ಲಿ ನಿನ್ನ ಅಜ್ಜ ಉಳುವಾಗ ಈ ರೋಗ ಇರ್ಲಿಲ್ಲ. ನಾಳೆಯಿಂದ ಹೊತ್ತಿಗೆ ಸರಿಯಾಗಿ ಬರ್ಲಿಕ್ಕೆ ಹೇಳು. ಬಾರದಿದ್ರೆ ಬೇರೆ ಜನ ಉಂಟು." ಕಾರ್ಡನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಅಂಚಿನಲ್ಲಿ ಇಟ್ಟ, ನಾನು ಎತ್ತಿಕೊಳ್ಳಲಿ ಎಂದು.

ನಾನು ಬಂದು ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತೋ ಏನೋ. ಅಕ್ಕ ಗೋಡೆ ನೋಡುತ್ತ ಕೇಳಿದಳು. ಮೇಸ್ತ್ರಿ ನಮ್ಮ ಅಜ್ಜನ ಬಗ್ಗೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿದಳು.

ಮುಂದಿನ ಮಂಗಳವಾರ ಅವಳು ನಾಲ್ಕೂವರೆಗೆ ಎದ್ದಳು. ನೀಲಿ ಯೂನಿಫಾರಂ ಸೀರೆ ಉಟ್ಟು ಆರಕ್ಕೆ ಹಾಜರಿ ಹಾಕಿದಳು. ಬೆಡ್‌ಪ್ಯಾನ್ ತೊಳೆದಳು, ರಕ್ತದ ಬಟ್ಟೆ ಒಗೆದಳು, ಕಕ್ಕಸು ಉಜ್ಜಿದಳು. ಆ ವಾರ ನನಗೆ ಭಟ್ಟಿಯ ರಾತ್ರಿಪಾಳಿ. ಮನಸ್ಸು ತಡೆಯದೆ ಕಾರ್ಖಾನೆಯಿಂದ ಸೀದಾ ಆಸ್ಪತ್ರೆಗೆ ಹೋದೆ. ನಾನು ಹೋಗುವಾಗ ಅವಳು ಹದಿನಾಲ್ಕನೇ ಕೋಣೆಯ ಎದುರಿನ ಬೆಂಚಿನಲ್ಲಿ ಕೂತಿದ್ದಳು. ಹಿಡಿಸೂಡಿಯನ್ನು ಪಕ್ಕದಲ್ಲಿ ಗೋಡೆಗೆ ಒರಗಿಸಿ, ಎರಡು ಕೈಯಲ್ಲಿ ಕಾರ್ಡು ಹಿಡಿದು, ನೆಟ್ಟಗೆ. ಅವಳ ಎರಡೂ ಬದಿಯಲ್ಲಿ ಕೂತಿದ್ದವರು ಎದ್ದು ನಿಂತಿದ್ದರು. ಮೂರು ಜನ ಕೂರುವ ಬೆಂಚಿನಲ್ಲಿ ಅವಳೊಬ್ಬಳೇ.

"ಎಂತ ಇದು? ಏಳು," ಎಂದ ಲ್ಯಾನ್ಸಿ. ಅವಳು ಕಾರ್ಡು ಚಾಚಿದಳು. "ಇದು ಕ್ಯಾನ್ಸಲ್ ಆಗಿದೆ ಮಾರಾಯ್ತಿ. ಏಳು, ಜನ ನೋಡ್ತಾರೆ."

ಮೇಸ್ತ್ರಿಗೆ ಸುದ್ದಿ ಹೋಯಿತು. ಬಂದ. ಹಿಡಿಸೂಡಿಯನ್ನು ಕಾಲಿನಿಂದ ಅವಳ ಕಡೆ ತಳ್ಳಿದ. ಅದು ಅವಳ ಪಾದದ ಮೇಲೆ ಬಿತ್ತು.

"ಎತ್ತು. ಮೆಟ್ಟಿಲು ಗುಡಿಸಿ ಆಗ್ಲಿಲ್ಲ."

ಅಕ್ಕ ಹಿಡಿಸೂಡಿ ನೋಡಿದಳು. ಅವಳ ಬಲಗೈ ಮಡಿಲಿನಿಂದ ಸ್ವಲ್ಪ ಮೇಲೆದ್ದಿತು. ನಾನು ನೋಡಿದೆ. ಆ ಕೈಯನ್ನು ಅವಳು ಎಡಗೈಯಿಂದ ಹಿಡಿದು ಕೆಳಗೆ ಒತ್ತಿದಳು. ಕಾರ್ಡು ಮುದ್ದೆಯಾಯಿತು.

"ಯಾನ್ ಲಕ್ಕಯೆ," ಎಂದಳು. ನಾನು ಏಳುವುದಿಲ್ಲ.

ಅವಳ ಅಷ್ಟು ದೊಡ್ಡ ಸ್ವರವನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಮೇಸ್ತ್ರಿ ಬೈಗುಳ ಶುರುಮಾಡಿದ. ಜಾತಿ ಹಿಡಿದು ಬೈದ, ಅಪ್ಪನನ್ನು ಹಿಡಿದು ಬೈದ. ನಾನು ಮುಂದೆ ಹೋಗಿ ಅವನಿಗೂ ಅವಳಿಗೂ ನಡುವೆ ನಿಂತೆ. "ಕೈ ತಾಗ್ಸಿ ನೋಡಿ," ಎಂದೆ. ಅವನು ತಾಗಿಸಲಿಲ್ಲ. ನಮ್ಮನ್ನು ಮುಟ್ಟಲು ಅವನಿಗೆ ಮನಸ್ಸಿರಲಿಲ್ಲ.

ಗಲಾಟೆಗೆ ಡಾಕ್ಟರು ಹೊರಗೆ ಬಂದರು. ಏನಂತೆ ಎಂದು ಲ್ಯಾನ್ಸಿಯನ್ನು ಕೇಳಿದರು. ಏಳುವುದಿಲ್ಲ ಎನ್ನುತ್ತಾಳೆ ಸಾರ್ ಎಂದ ಲ್ಯಾನ್ಸಿ, ಈ ಸಲ ಸರಿಯಾಗಿಯೇ. ಡಾಕ್ಟರು ಅಕ್ಕನನ್ನು ನೋಡಿದರು. ಐದು ವಾರ ಅವಳಿಗೆ ಮದ್ದು ಕೊಟ್ಟ ಮನುಷ್ಯ. ನೀಲಿ ಸೀರೆಯಲ್ಲಿ ಅವರಿಗೆ ಅವಳ ಗುರುತು ಸಿಗಲಿಲ್ಲ. "ಸಾರ್, ಪೇಶೆಂಟ್, ಯುವರ್ ಪೇಶೆಂಟ್," ಎಂದೆ ನಾನು. ಕೊನೆಗೂ ಬಾಯಿ ಬಂತು. ಅವರು ಮುದ್ದೆಯಾದ ಕಾರ್ಡು ಬಿಡಿಸಿ ನೋಡಿ, ಕೆಂಪು ಗೆರೆ ನೋಡಿ, ಹೊಸ ಚೀಟಿ ತರಲಿ, ಖಂಡಿತ ನೋಡುತ್ತೇನೆ ಎಂದರು. ಹೊಸ ಚೀಟಿಗೆ ಸಹಿ ಹಾಕಬೇಕಾದವನು ಅಲ್ಲೇ ನಿಂತಿದ್ದ. ಡಾಕ್ಟರಿಗಾಗಿ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಹೋದರು.

ಅವಳು ಹನ್ನೆರಡರವರೆಗೂ ಕೂತಳು. ಯಾರೂ ಎಬ್ಬಿಸಲಿಲ್ಲ. ನಾನು ಪಕ್ಕದಲ್ಲಿ ಕೂತೆ. ರೋಗಿಗಳು ಮುಗಿದರು, ಬಾಗಿಲು ಮುಚ್ಚಿತು, ಲ್ಯಾನ್ಸಿ ಬೀಗ ಹಾಕಿ ನಮ್ಮನ್ನು ನೋಡದೆ ಹೋದ. ಆಮೇಲೆ ಅವಳು ತಾನಾಗಿ ಎದ್ದಳು. ಹಿಡಿಸೂಡಿಯನ್ನು ಅಲ್ಲೇ ಬಿಟ್ಟಳು.

ಮರುದಿನ ಕೆಲಸ ಹೋಯಿತು. ಅವಳ ಜಾಗಕ್ಕೆ ನಮ್ಮ ಕಾಲೊನಿಯ ಮುದ್ದಕ್ಕನನ್ನೇ ತೆಗೆದುಕೊಂಡರು. ಮುದ್ದಕ್ಕ ಮನೆಗೆ ಬಂದು ಅತ್ತಳು. "ನಾನು ಬೇಡ ಹೇಳಿದ್ರೆ ಬೇರೆಯವಳು ಹೋಗ್ತಾಳೆ, ಕುಶಲಾ," ಎಂದಳು. ನಿಜವೇ. ಅಕ್ಕ ಅವಳ ಕೈ ಹಿಡಿದು, ಬೆರಳ ಸಂದಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಹೋಗು ಎಂದಳು.

ಕೆಲಸ ಹೋದ ಮೇಲೆ ಅಕ್ಕ ಹೊರಗಿನವಳಾದಳಲ್ಲ, ಸಾಲಿನಲ್ಲಿ ನಿಂತು ಚೀಟಿ ಮಾಡಿಸಬಹುದಲ್ಲ ಎಂದು ನಾನು ಹೋದೆ. ಗಲಾಟೆ ಮಾಡಿದವಳ ಹೆಸರು ಗೇಟಿನಲ್ಲಿ ಕೊಟ್ಟಿದ್ದರು. ಅವಳಿಗೆಂದು ಹೋದ ನನ್ನನ್ನೂ ಒಳಗೆ ಬಿಡಲಿಲ್ಲ. ಆಸ್ಪತ್ರೆಯ ದೊಡ್ಡವರಿಗೆ ಮೂರು ಪುಟದ ಅರ್ಜಿ ಬರೆದೆ. ಉದಾಸೀನ ಎಂದರೆ ಏನು, ಅದನ್ನು ಲ್ಯಾನ್ಸಿ ಏನೆಂದು ಹೇಳಿದ, ಅವಳು ಅವತ್ತು ಬೆಂಚಿನಲ್ಲಿ ಏಕೆ ಕೂತಳು, ಎಲ್ಲವನ್ನೂ ಬರೆದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ಬಂದ ಸಂಜೆ ಅಕ್ಕನ ಚಾಪೆಯ ಹತ್ತಿರ ಕೂತು ಓದಿದೆ. ಭಾವ ಅವಳ ತಲೆ ಬಾಚುತ್ತಿದ್ದ. ಉದುರಿ ಉದುರಿ ಬಾಚುವಷ್ಟು ಕೂದಲೂ ಈಗ ಉಳಿದಿಲ್ಲ.

ಸದರಿ ಮಹಿಳೆಯು ಆ ಮಂಗಳವಾರ ಬೆಳಿಗ್ಗೆ ಒಂಬತ್ತರ ನಂತರ ಕೆಲಸದಲ್ಲಿ ಇರಲಿಲ್ಲ ಎಂದು ಮೇಸ್ತ್ರಿಯವರ ವರದಿ ಇದೆ. ಅದೇ ದಿನ ಹೊರರೋಗಿ ವಿಭಾಗದ ಪುಸ್ತಕದಲ್ಲೂ ಸದರಿಯವರು ಬಂದ ದಾಖಲೆ ಇಲ್ಲ. ಆದುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.

ಅಕ್ಕನಿಗೆ ಆ ಕನ್ನಡ ಅರ್ಥವಾಗಲಿಲ್ಲ. ತುಳುವಿನಲ್ಲಿ ಹೇಳಿದೆ. ಅವತ್ತು ನೀನು ಕೆಲಸದಲ್ಲೂ ಇರಲಿಲ್ಲವಂತೆ, ಡಾಕ್ಟರ ಹತ್ತಿರವೂ ಬಂದಿಲ್ಲವಂತೆ ಎಂದೆ.

ಭಾವನ ಕೈ ನಿಂತಿತ್ತು.

"ಹಾಗಾದ್ರೆ ಅಲ್ಲಿ ಕೂತದ್ದು ಯಾರು, ಜಯಾ?" ಎಂದು ಕೇಳಿದಳು.

ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಕೇಳಿದಳು, ನನಗೆ ಗೊತ್ತಿರಬಹುದು ಎಂಬ ಹಾಗೆ. ನೀನೇ ಅಕ್ಕ, ನಾನು ನೋಡಿದ್ದೇನೆ, ಪಕ್ಕದಲ್ಲೇ ಇದ್ದೆ ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಂಬಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.